ಎರಡೂ ದೀಪ ಹಸಿರು

ಮನೆಯಿಂದ,
ಮಂಗಳವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ನಿನ್ನ ಕೆಮ್ಮು ಹೇಗಿದೆ? ಆಸ್ಪತ್ರೆಯಲ್ಲಿ ಎಲ್ಲರಿಗೂ ಔಷಧಿ ಕೊಡುವ ನರ್ಸಮ್ಮ ತಾನು ಮಾತ್ರ ಬಿಸಿನೀರೂ ಕುಡಿಯುವುದಿಲ್ಲ, ನನಗೆ ಗೊತ್ತಿಲ್ಲವೇ? ನನ್ನ ಮೊಣಕಾಲು ಹಾಗೇ ಇದೆ. ನಿಮ್ಮಪ್ಪ ಊಟಕ್ಕೆ ಕೂರುತ್ತಾರೆ, ಏನು ತಿಂದಿರಿ ಎಂದು ಕೇಳಿದರೆ ಹೇಳಲಾರರು. ಫೋನಿನಲ್ಲಿ ಹೇಳೋಣವೆಂದರೆ ಅವರು ಪಕ್ಕದಲ್ಲೇ ಇರುತ್ತಾರೆ, ಅದಕ್ಕೇ ಈ ಕಾಗದ.

ನಿನ್ನ ತಮ್ಮ ಹಾಲ್‌ನ ಮೂಲೆಯಲ್ಲಿ ಕೂರಿಸಿದ್ದ ಕಪ್ಪು ಪೆಟ್ಟಿಗೆ ನೆನಪಿದೆಯಲ್ಲ? ಒಳಗೆ ಎರಡು ಡಿಸ್ಕ್, ಒಂದೊಂದಕ್ಕೂ ಒಂದು ಹಸಿರು ದೀಪ, ಮನೆಯ ಫೋಟೊ, ವಿಡಿಯೊ ಎಲ್ಲ ಎರಡರಲ್ಲೂ. ಜಾಗ ಸಾಲದೆಂದು ನಮ್ಮ ಫೋನುಗಳಲ್ಲಿದ್ದದ್ದನ್ನೂ ಅದಕ್ಕೇ ತುಂಬಿ ಅಳಿಸಿದ್ದ. "ಒಂದು ಕೈಕೊಟ್ರೆ ಇನ್ನೊಂದು ಇರತ್ತೆ, ತಲೆ ಕೆಡಿಸ್ಕೋಬೇಡಮ್ಮಾ" ಎನ್ನುತ್ತಿದ್ದ. ತನ್ನಂಥವನು ಇನ್ನೊಬ್ಬನಿಲ್ಲ ಎಂದು ಆ ಹುಚ್ಚನಿಗೆ ಹೊಳೆಯಲಿಲ್ಲ. ಅವನು ಬೈಕಿನಿಂದ ಬಿದ್ದು ತೀರಿಹೋದ ಮೇಲೆ ಪೆಟ್ಟಿಗೆ ನಿಮ್ಮಪ್ಪನ ಪಾಲಿಗೆ ಬಂತು. ಜೀವಮಾನವೆಲ್ಲ ಬಸ್ಸು ಓಡಿಸಿದವರು, ಟೈರು ತಟ್ಟಿ ನೋಡಿದ ಹಾಗೆ ಬೆಳಿಗ್ಗೆ ಎದ್ದ ಕೂಡಲೇ ಅದರ ದೀಪ ನೋಡುವುದು, ಧೂಳು ಒರೆಸುವುದು. ಸಂಜೆ ಟಿವಿಯಲ್ಲಿ ಅವನ ವಿಡಿಯೊ. ಅವನು ನಕ್ಕಲ್ಲೆಲ್ಲ ಇವರೂ ನಗುತ್ತಿದ್ದರು. ನನಗೆ ತಡೆಯಲಾಗದೆ ಅಡುಗೆಮನೆಯಲ್ಲೇ ಇರುತ್ತಿದ್ದೆ.

ಹೋದ ವಾರ ಒಂದು ದೀಪ ಕೆಂಪಾಯಿತು. ಕಂಪ್ಯೂಟರ್ ಅಂಗಡಿಯವನು ಹೊಸ ಡಿಸ್ಕ್ ಕೊಟ್ಟು, "ಕೆಟ್ಟಿದ್ದನ್ನ ತೆಗೆದು ಇದನ್ನ ಹಾಕಿ, ಒಳ್ಳೇದರಿಂದ ತಾನೇ ಕಾಪಿ ಆಗತ್ತೆ" ಎಂದ. ಇವರದು ಡ್ರೈವರ್ ಚಾಳಿ, ಏನೇ ಬದಲಿಸಬೇಕಿದ್ದರೂ ಮೊದಲು ಎಲ್ಲ ಬಿಚ್ಚಿ ಒರೆಸಬೇಕು. ಎರಡನ್ನೂ ತೆಗೆದು ಟವೆಲ್ ಮೇಲಿಟ್ಟು ಒರೆಸಿದರು. ಅವೋ, ಅವಳಿ ಮಕ್ಕಳ ಹಾಗೆ. ಕೆಟ್ಟದ್ದು ಯಾವುದೆಂದೇ ತಿಳಿಯದೆ ಮೊದಲು ಅದನ್ನೇ ಹೊಸದರ ಜೊತೆ ಹಾಕಿದರು, ಆಮೇಲೆ ತೆಗೆದು ಒಳ್ಳೆಯದನ್ನು ಹಾಕಿದರು. ಅಷ್ಟರಲ್ಲಿ ಪೆಟ್ಟಿಗೆಗೆ ತಲೆಬುಡ ತಿಳಿಯದೆ, ಇದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ಶುರು ಮಾಡಲೇ ಎಂದು ಅದು ಟಿವಿಯಲ್ಲಿ ಕೇಳಿತು. ಸಣ್ಣ ಅಕ್ಷರ, ಕನ್ನಡಕ ಒಳಕೋಣೆಯಲ್ಲಿ. "ಅದು ಏನೇ ಕೇಳ್ಲಿ, ಹೌದು ಅಂತ ಒತ್ತಪ್ಪಾ" ಎಂದು ನಿನ್ನ ತಮ್ಮನೇ ಹೇಳಿಕೊಟ್ಟಿದ್ದನಲ್ಲ. ಇವರು ಒತ್ತಿದರು.

ಈಗ ಎರಡೂ ದೀಪ ಹಸಿರು. "ಕಾಪಿ ಆಗ್ತಿದೆ ಕಣೇ, ಅವಸರ ಮಾಡಬಾರ್ದು" ಎಂದು ಕುರ್ಚಿ ಎಳೆದುಕೊಂಡು ಅದರೆದುರೇ ಕೂತಿದ್ದಾರೆ. ಅಂಗಡಿಯವನು ಬಂದು ನೋಡಿದ. ಬಾಗಿಲಾಚೆ ಚಪ್ಪಲಿ ಮೆಟ್ಟುತ್ತಾ, "ಅಮ್ಮಾ, ಖಾಲಿ. ಏನೂ ಉಳಿದಿಲ್ಲ" ಎಂದು ನನಗೊಬ್ಬಳಿಗೇ ಹೇಳಿದ. ಕೆಟ್ಟ ಡಿಸ್ಕನ್ನೂ ಒಯ್ದು ನೋಡಿದನಂತೆ, ಅದು ಜೀವ ಬಿಟ್ಟಿದೆ. ಇವರಿಗೆ ಹೇಳಲು ನನಗೆ ಬಾಯಿ ಬರುತ್ತಿಲ್ಲ. ಮಗ ಎರಡನೇ ಸಲ ಹೋದದ್ದು ತನ್ನ ಕೈಯಿಂದಲೇ ಎಂದು ತಿಳಿದರೆ ಈ ಮನುಷ್ಯ ಉಳಿಯುವುದಿಲ್ಲ, ಮಗಳೇ. ನನಗೆ ಭಯವಾಗುತ್ತಿದೆ.

ಸ್ವೆಟರ್ ಹಾಕಿಕೊಂಡೇ ಡ್ಯೂಟಿಗೆ ಹೋಗು. ನೂರು ಕಾಲ ಚೆನ್ನಾಗಿರು. ಅಪ್ಪನ ಆಶೀರ್ವಾದವನ್ನೂ ನಾನೇ ಬರೆಯುತ್ತಿದ್ದೇನೆ.

ನಿನ್ನ
ಅಮ್ಮ

ಮತ್ತೆ: ಕೊನೆಯ ಸಲ ಜಗಳವಾದಾಗ ತಮ್ಮ ನಿನ್ನ ಫೋನಿಗೆ ಮಾತು ರೆಕಾರ್ಡ್ ಮಾಡಿ ಕಳಿಸಿದ್ದನಲ್ಲ, ಕೇಳಲೂ ಆಗಲ್ಲ ಅಳಿಸಲೂ ಆಗಲ್ಲ ಎಂದು ಅತ್ತಿದ್ದೆಯಲ್ಲ, ಅದನ್ನು ನನಗೆ ಕಳಿಸು. ಅಂಗಡಿಯವನು ಪೆಟ್ಟಿಗೆಗೆ ಹಾಕಿಕೊಡುತ್ತಾನೆ. ನಿನ್ನನ್ನೂ ಅಪ್ಪನನ್ನೂ ಬಾಯಿಗೆ ಬಂದ ಹಾಗೆ ಬೈದಿದ್ದಾನೆ, ಗೊತ್ತು. ಬೈಯಲಿ ಬಿಡು. ಈ ಸಲ ನಾನೂ ಅಡುಗೆಮನೆಯಿಂದ ಬಂದು ಪಕ್ಕದಲ್ಲಿ ಕೂರುತ್ತೇನೆ.