ಹೆರಿಗೆ ಮೇಜಿನ ಮೇಲೆ ಗೈರುಹಾಜರು

ವೈದ್ಯಕೀಯ ಕಾಲೇಜಿನ ಪ್ರಾಂಶುಪಾಲರೇ,

ನಿಮ್ಮ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನಾನು ಮಗಳನ್ನು ಹೆತ್ತ ದಿನ, ಸುತ್ತ ನಿಂತು ನೋಡಿದ ನನ್ನ ಸಹಪಾಠಿಗಳಿಗೆಲ್ಲ ಹಾಜರಿ ಸಿಕ್ಕಿತು. ಮೇಜಿನ ಮೇಲೆ ಮಲಗಿದ್ದ ನನಗೆ ಗೈರುಹಾಜರಿ ಬಿತ್ತು. ಆ ಒಂದು ದಿನದ ಕೊರತೆಗಾಗಿ ಪ್ರಸೂತಿ ವಿಷಯದ ಪರೀಕ್ಷೆಗೆ ನನ್ನನ್ನು ಕೂರಿಸುವುದಿಲ್ಲ ಎಂದು ನಿಮ್ಮ ಕಚೇರಿ ತಿಳಿಸಿದೆ. ಹೆರಿಗೆ ಎಂದರೇನೆಂದು ಈಕೆ ಸಾಕಷ್ಟು ಕಂಡಿಲ್ಲ ಎಂಬುದು ಅದರ ತಾತ್ಪರ್ಯ. ಇಂಥ ಜ್ಞಾನವನ್ನು ನಾವಿಬ್ಬರೇ ಇಟ್ಟುಕೊಳ್ಳುವುದು ಸರಿಯಲ್ಲವೆನಿಸಿ ನಾಲ್ಕು ಜನರ ಮುಂದಿಡುತ್ತಿದ್ದೇನೆ.

ನಿಮಗೆ ನನ್ನ ಗುರುತಿದೆ, ಓದುವವರಿಗೆ ಹೇಳಬೇಕು. ಕಾಲೇಜು ಸೇರಿದಾಗ ನನಗೆ ಮೂವತ್ತು ತುಂಬಿತ್ತು. ಅದಕ್ಕೂ ಮುಂಚೆ ಲ್ಯಾಬೊಂದರಲ್ಲಿ ರಕ್ತ ತೆಗೆಯುತ್ತಾ, ವರದಿ ನೋಡಿ ಎದೆ ಧಸಕ್ಕೆಂದರೂ ಬಾಯಿ ಮುಚ್ಚಿಕೊಂಡು ಲಕೋಟೆಗೆ ಹಾಕುತ್ತಾ ಇದ್ದವಳು. ಬಾಯಿ ತೆರೆಯುವ ಹಕ್ಕು ಬೇಕೆಂದೇ ಓದಲು ಬಂದೆ. ಮೊದಲ ದಿನ ತರಗತಿಯೊಳಗೆ ಕಾಲಿಟ್ಟಾಗ ಮುಂದಿನ ಬೆಂಚಿನ ಹುಡುಗ ಎದ್ದು ನಿಂತು "ಗುಡ್ ಮಾರ್ನಿಂಗ್ ಮೇಡಂ" ಅಂದ. ನಾನು ಹೋಗಿ ಅವನ ಪಕ್ಕದಲ್ಲೇ ಕುಳಿತೆ. ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಂದಿನಿಂದ ನಾನು 'ಆಂಟಿ'. ಅದಕ್ಕೆ ನನಗೆ ಬೇಸರವಿಲ್ಲ, ಅವರು ಮಕ್ಕಳು. ನೀವು ಮಕ್ಕಳಲ್ಲವಲ್ಲ?

ಮೂವತ್ತೈದು ದಾಟಿದರೆ ಬಸುರಿನ ತೊಡಕು ಹೆಚ್ಚುತ್ತದೆ ಎಂದು ಬೋರ್ಡಿನ ಮೇಲೆ ಗೆರೆ ಎಳೆದು ಕಲಿಸಿದವರು ನಿಮ್ಮವರೇ. ಶ್ರದ್ಧೆಯಿಂದ ಬರೆದುಕೊಂಡೆ. ಬರೆದುಕೊಂಡದ್ದನ್ನು ನಂಬಬಾರದೆಂದು ಯಾರೂ ಎಚ್ಚರಿಸಲಿಲ್ಲ. ಓದು ಮುಗಿಯುವ ಹೊತ್ತಿಗೆ ನಾನು ಆ ಗೆರೆಯ ಆಚೆ ಇರುತ್ತೇನೆ. ಮನೆಯಲ್ಲಿ ಈ ಮಾತು ಎತ್ತಿದಾಗ ಅತ್ತೆ ಒಂದೇ ಏಟಿಗೆ ತೀರ್ಮಾನ ಕೊಟ್ಟರು: "ನೀನು ಡಾಕ್ಟರಾದ ಮೇಲೆ ಹೆರ್ತೀನಿ ಅಂದ್ರೆ ಮಗು ಎತ್ಕೊಳ್ಳೋಕೆ ನನ್ನ ಕೈಲಾಗಲ್ಲಮ್ಮ. ಆಗ ನನ್ನನ್ನೇ ಯಾರಾದ್ರೂ ಎತ್ಬೇಕು. ಈಗ ಹೆತ್ತು ಕೊಡು, ನೀನು ಓದ್ಕೋ, ನಾನು ನೋಡ್ಕೋತೀನಿ." ನನ್ನ ಗಂಡ ಮುದ್ರಣಾಲಯದಲ್ಲಿ ಯಂತ್ರ ನಡೆಸುವವರು, ಎಲ್ಲಕ್ಕೂ ಗಡುವು ಹಾಕಿಯೇ ಅಭ್ಯಾಸ. "ನಿಮ್ಮ ಕಾಲೇಜಿನ ದೊಡ್ಡ ರಜೆ ಯಾವಾಗ ಹೇಳು, ಅಲ್ಲಿಂದ ಹಿಂದಕ್ಕೆ ಎಣಿಸೋಣ" ಅಂದರು. ಎಣಿಸಿದೆವು. ನಗಬೇಡಿ, ನಿಮ್ಮ ಕಾಲೇಜಿನಲ್ಲಿ ಹೇಳಿದ ಹೊತ್ತಿಗೆ ನಡೆಯಬೇಕಿದ್ದ ಕೆಲಸ ಅದೊಂದೇ.

ಆಮೇಲೆ ತಪಾಸಣಾ ತಂಡ ಬರುತ್ತದೆಂದು ನೀವು ರಜೆಯನ್ನು ಮುಂದಕ್ಕೆ ಹಾಕಿದಿರಿ. ಗೋಡೆಗೆ ಸುಣ್ಣ ಬಳಿಸಿದಿರಿ, ಕೆಟ್ಟ ಲಿಫ್ಟಿನ ಮುಂದೆ ಹೂಕುಂಡ ಇಡಿಸಿದಿರಿ, ಎಲ್ಲ ವಿಭಾಗಗಳಿಗೂ ಸುತ್ತೋಲೆ ಕಳಿಸಿದಿರಿ. ಹೊಟ್ಟೆಯಲ್ಲಿದ್ದ ನನ್ನ ಮಗಳಿಗೆ ಮಾತ್ರ ಆ ಸುತ್ತೋಲೆ ತಲುಪಲಿಲ್ಲ.

ಅಂದು ಬಿಳಿ ಕೋಟು ತೊಟ್ಟೇ ವಾರ್ಡಿಗೆ ಬಂದಿದ್ದೆ. ಇನ್ನೊಬ್ಬಳ ಹೆರಿಗೆ ನೋಡುತ್ತಾ ನಿಂತಿದ್ದಾಗ ನನಗೇ ನೋವು ಶುರುವಾಯಿತು. ಕೋಟು ಕಳಚಿ ಸ್ನೇಹಿತೆಯ ಕೈಗೆ ಕೊಟ್ಟು ಪಕ್ಕದ ಕೋಣೆಗೆ ಹೋದೆ. ಮಧ್ಯಾಹ್ನ ಪ್ರಾಧ್ಯಾಪಕರು ನನ್ನ ಬ್ಯಾಚನ್ನೇ ಕರೆದುಕೊಂಡು ಒಳಗೆ ಬಂದರು. ನನ್ನನ್ನು ಒಂದು ಮಾತು ಕೇಳಿದರೇ? ಕೇಳಲಿಲ್ಲ, ನಾನೂ ಆ ಹೊತ್ತಿನಲ್ಲಿ ಜಗಳಕ್ಕೆ ಇಳಿಯುವ ಸ್ಥಿತಿಯಲ್ಲಿರಲಿಲ್ಲ.

"ಹೇಳ್ರಪ್ಪಾ, ಇದು ಹೆರಿಗೆಯ ಎಷ್ಟನೇ ಹಂತ?" ಅಂದರು. ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು.

"ಎರಡನೇದು ಸರ್," ನಾನೇ ಹಲ್ಲು ಕಚ್ಚಿಕೊಂಡು ಹೇಳಿದೆ, "ಗ್ಲೌಸ್ ಹಾಕ್ಕೊಳ್ಳಿ ಬೇಗ!"

"ಗುಡ್," ಅಂದರು.

ಪಾಠ ಮುಗಿದ ಮೇಲೆ ಹಾಜರಿ ಕರೆಯುವುದು ನಿಮ್ಮಲ್ಲಿ ಪದ್ಧತಿ. ಆ ದಿನದ ಪಾಠ ನಾನೇ ಆಗಿದ್ದರಿಂದ ನಾನು ಮುಗಿದ ಮೇಲೆ ಕರೆದರು. ನನ್ನ ನಂಬರ್ ಬಂದಾಗ, ಎದೆಯ ಮೇಲೆ ಇನ್ನೂ ಒರೆಸಿ ಮುಗಿಯದ ಮಗುವನ್ನು ಹಿಡಿದುಕೊಂಡೇ "ಪ್ರೆಸೆಂಟ್ ಸರ್" ಅಂದೆ. ಹುಡುಗಿಯರು ಕಿಸಕ್ಕೆಂದರು. ಪ್ರಾಧ್ಯಾಪಕರು ನಗಲಿಲ್ಲ. "ನೀನೀಗ ಪೇಷಂಟಮ್ಮ, ಸ್ಟೂಡೆಂಟ್ ಅಲ್ಲ. ಆಬ್ಸೆಂಟ್." ಮುಂದಿನ ನಂಬರ್ ಕರೆದರು.

ಆ ಬಳಿಕದ ದಿನಗಳಿಗೆ ನನ್ನ ಪರವಾಗಿ ಗಂಡ ರಜೆ ಅರ್ಜಿ ಕೊಟ್ಟರು, ಮಂಜೂರಾಯಿತು. ಉಳಿದದ್ದು ಅದೊಂದು ದಿನ. ಅದಕ್ಕಾಗಿ ನಿಮ್ಮ ಕೋಣೆಗೆ ಬಂದೆ. ನೀವು ಕೂರಲು ಹೇಳಲಿಲ್ಲ; ಹೊಲಿಗೆ ಹಾಕಿದ ಜಾಗ ಕೂರಲು ಬಿಡುತ್ತಲೂ ಇರಲಿಲ್ಲ, ಇರಲಿ.

"ನೋಡಮ್ಮಾ, ರೂಲ್ಸ್ ಎಲ್ಲರಿಗೂ ಒಂದೇ. ರಜೆ ಬೇಕಿದ್ರೆ ಹಿಂದಿನ ದಿನವೇ ಅರ್ಜಿ ಕೊಡ್ಬೇಕಿತ್ತು."

"ಹಿಂದಿನ ದಿನ ನನಗೇ ಗೊತ್ತಿರ್ಲಿಲ್ಲ ಸರ್."

"ಅದಕ್ಕೇ ಹೇಳೋದು, ಈ ವಯಸ್ಸಲ್ಲಿ ಓದೋಕೆ ಬಂದೋರು ಇಂಥದ್ದನ್ನೆಲ್ಲ ಪ್ಲಾನ್ ಮಾಡ್ಕೋಬೇಕು ಅಂತ."

ಪ್ಲಾನ್! ರಜೆಯ ದಿನಾಂಕವನ್ನೇ ನಿಲ್ಲಿಸಿಕೊಳ್ಳಲಾಗದವರು ಗರ್ಭಕೋಶಕ್ಕೆ ಪ್ಲಾನ್ ಹೇಳಿಕೊಡುವುದನ್ನು ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ನಿಯಮ ಎಲ್ಲರಿಗೂ ಒಂದೇ ಅಂದಿರಲ್ಲ, ನನಗೆ 'ಮೇಡಂ' ಅಂದಿದ್ದ ಅದೇ ಹುಡುಗ ಕಾಲೇಜಿನ ಪರವಾಗಿ ಬ್ಯಾಡ್ಮಿಂಟನ್ ಆಡಲು ಹೋಗಿ ಮೊದಲ ಸುತ್ತಿನಲ್ಲೇ ಸೋತು ಬಂದ. ಅವನಿಗೆ ಇಡೀ ವಾರದ ಹಾಜರಿ ಕೊಟ್ಟಿರಿ. ಪಾಪ, ಸಿಗಲಿ. ಆದರೆ ಸೋತವನಿಗೆ ಸಿಕ್ಕ ಗೌರವ ಗೆದ್ದು ಬಂದವಳಿಗೇಕಿಲ್ಲ? ಬ್ಯಾಟ್ ಹಿಡಿದುಕೊಂಡು ಹೆರಬೇಕಿತ್ತೇ?

ನನಗೀಗ ನಿದ್ದೆಯೆಂಬುದಿಲ್ಲ. ಮಗು ಅತ್ತರೆ ಎಚ್ಚರ. ಅಳದಿದ್ದರೆ ಉಸಿರಾಡುತ್ತಿದೆಯೋ ಇಲ್ಲವೋ ಎಂದು ಎಚ್ಚರ. ನಿಮ್ಮಲ್ಲಿ ಓದಿದ ಭಾಗ್ಯದಿಂದ ಎಳೆಗೂಸಿಗೆ ಬರಬಹುದಾದ ಕಾಯಿಲೆಗಳೆಲ್ಲ ಹೆಸರು ಸಮೇತ ಗೊತ್ತು. ಈ ಪರೀಕ್ಷೆ ತಪ್ಪಿದರೆ ಒಂದು ವರ್ಷ ಹಿಂದೆ ಬೀಳುತ್ತೇನೆ. ಅತ್ತೆಯ ಮಂಡಿ ಈಗಲೇ ಮೆಟ್ಟಿಲು ಹತ್ತಲು ಒಲ್ಲೆ ಎನ್ನುತ್ತಿದೆ, ಗಂಡನ ಮುಖ ಎರಡು ಪಾಳಿಯ ದುಡಿತಕ್ಕೆ ಬಾಡಿದೆ. ಇನ್ನೊಂದು ವರ್ಷ ಎಂಬ ಮಾತನ್ನು ನಾನು ಅವರ ಮುಂದೆ ಯಾವ ಬಾಯಲ್ಲಿ ಆಡಲಿ? ಮಗಳಿಗೊಂದು ಜೊತೆ ಬೇಕೆಂಬ ಆಸೆಯನ್ನಂತೂ ನನ್ನೊಳಗೇ ನುಂಗಿಕೊಂಡಿದ್ದೇನೆ.

ಇಷ್ಟಾದರೂ ಈ ಪತ್ರ ಬರೆಯುತ್ತಿರಲಿಲ್ಲವೇನೋ. ಮೊದಲ ವರ್ಷಕ್ಕೆ ನನ್ನ ಹಾಗೆಯೇ ತಡವಾಗಿ ಬಂದವಳೊಬ್ಬಳಿದ್ದಾಳೆ, ಹಿಂದೆ ನರ್ಸ್ ಆಗಿದ್ದವಳು. ಹೋದ ವಾರ ಕ್ಯಾಂಟೀನಿನಲ್ಲಿ ನನ್ನೆದುರು ಬಂದು ಕುಳಿತಳು. ಟೀ ಆರುವವರೆಗೂ ಲೋಟ ತಿರುಗಿಸುತ್ತಿದ್ದು, ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದಳು: "ಅಕ್ಕಾ, ನಾವೂ ಈ ವರ್ಷ ಮಗು ಅಂದ್ಕೊಂಡಿದೀವಿ. ಧೈರ್ಯ ಮಾಡ್ಲಾ? ನೀವು ಹೇಳ್ದಂಗೆ ಮಾಡ್ತೀನಿ."

"ಬೇಡ ಕಣೇ," ಅಂದೆ, "ಇಂಥದ್ದನ್ನೆಲ್ಲ ಪ್ಲಾನ್ ಮಾಡ್ಕೋಬೇಕು."

ನಾಲಿಗೆ ನನ್ನದು, ಮಾತು ನಿಮ್ಮದು. ಅವಳು ತಲೆಯಾಡಿಸಿ ಎದ್ದು ಹೋದಳು. ನೀವು ನನಗೆ ಕಲಿಸಿದ ಪಾಠಗಳಲ್ಲಿ ಇಷ್ಟು ಬೇಗ ಕರಗತವಾದದ್ದು ಬೇರೊಂದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಕೇಳಿ. ಆ ದಿನದ ಹಾಜರಿ ನನಗೆ ಬರಬೇಕು. ಹೆರಿಗೆಗೆ ಮುಂಗಡ ಅರ್ಜಿ ಕೇಳುವ ನಿಯಮ ಹೋಗಬೇಕು, ಹೋಯಿತೆಂದು ಸೂಚನಾ ಫಲಕದಲ್ಲಿ ನಿಮ್ಮ ಸಹಿಯೊಂದಿಗೆ ಬರಬೇಕು, ಆ ಮೊದಲ ವರ್ಷದವಳು ಓದುವ ಹಾಗೆ. ಎರಡೂ ಆಗದಿದ್ದರೂ ಸೋಮವಾರ ನಾನು ಪರೀಕ್ಷೆಗೆ ಬರುತ್ತೇನೆ. ತಡೆಯಲು ಗುಮಾಸ್ತರನ್ನು ನಿಲ್ಲಿಸಬೇಡಿ, ಅವರೂ ಮಕ್ಕಳೊಂದಿಗರು, ನನ್ನ ಮುಖ ನೋಡಲಾಗದೆ ಒದ್ದಾಡುತ್ತಾರೆ. ಬಾಗಿಲಿಗೆ ನೀವೇ ಬನ್ನಿ. ಬಂದು, ನನ್ನ ಬ್ಯಾಚಿನ ಎಲ್ಲರಿಗೂ ಕೇಳಿಸುವಂತೆ, ನಾನು ಏನು ತಪ್ಪು ಮಾಡಿದೆ ಎಂದು ಹೇಳಿ.

ಇಂತಿ,
ಓದಲು ತಡವಾಗಿ ಬಂದವಳೆಂದೂ ಹೆರಲು ಅವಸರಪಟ್ಟವಳೆಂದೂ ಒಟ್ಟೊಟ್ಟಿಗೇ ಬೈಸಿಕೊಂಡ
ನಿಮ್ಮ ವಿದ್ಯಾರ್ಥಿನಿ, ಯಾನೆ ಆಂಟಿ