ರೋಸ್ಮರಿ ಕಟ್ಟಿದ ಡಬ್ಬ

ಸಾಲುಝೊ,
ಡಿಸೆಂಬರ್ ೯

ಪ್ರೀತಿಯ ದೆಲ್ಫೀನಾ,

ನೀನು ಕ್ಷೇಮವೆಂದು ನಂಬಿದ್ದೇನೆ. ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯದೆ ಕೂತದ್ದಕ್ಕೆ ಬೈದುಕೊಳ್ಳಬೇಡ. ತುಲ್ಲಿಯೊನ ಮಂಡಿ ಆಪರೇಷನ್ ಆದಂದಿನಿಂದ ಈ ಮನೆಯಲ್ಲಿ ಗಂಡ ಮಹಾರಾಜ, ನಾನು ದಾಸಿ. "ಎರ್ಸಿಲಿಯಾ, ದಿಂಬು ಕೊಡೇ. ಎರ್ಸಿಲಿಯಾ, ಕಿಟಕಿ ಹಾಕೇ." ಈಗ ಊರುಗೋಲು ಬಿಟ್ಟು ಅಡುಗೆಮನೆಯವರೆಗೆ ಬರುತ್ತಾನೆ, ಅದೂ ನಾನು ಚೀಸ್ ಎಲ್ಲಿ ಅಡಗಿಸಿಟ್ಟಿದ್ದೇನೆಂದು ನೋಡುವುದಕ್ಕೆ. ಉತ್ತರ ತಡವಾದದ್ದಕ್ಕೆ ಅದೇ ಕಾರಣ ಎಂದಿಟ್ಟುಕೋ.

ನಿನ್ನ ತೋಟದ ಆಲಿವ್ ಎಣ್ಣೆ ಶನಿವಾರ ಬಂತು. ಒಂದು ಡಬ್ಬವೂ ಸೋರಿಲ್ಲ, ಜಜ್ಜಿಲ್ಲ. ಪರಿಮಳದ ರೋಸ್ಮರಿ ಕಡ್ಡಿಯೂ ಬಂತು, ಅದರ ಮಾತು ಆಮೇಲೆ.

ನಮ್ಮ ಬಳಗವನ್ನು ಈಗ ನೋಡಿದರೆ ನಿನಗೆ ಗುರುತೇ ಸಿಗುವುದಿಲ್ಲ. ನಿನ್ನ ಗ್ಯಾರೇಜಿನಲ್ಲಿ ನಾಲ್ಕಾರು ಮನೆಯವರು ಚಳಿಗೆ ನಡುಗುತ್ತಾ ಕೂತು, ವಿಷ ಹೊಡೆಯದ ಕಿತ್ತಳೆಯನ್ನು ನಡುವೆ ದಲ್ಲಾಳಿಯಿಲ್ಲದೆ ನೇರ ರೈತನಿಂದಲೇ ತರಿಸೋಣ ಎಂದು ಮಾತಾಡಿಕೊಂಡದ್ದು ನೆನಪಿದೆಯಾ? ಈಗ ಚರ್ಚಿನ ಹಿಂದಿನ ಹಾಲ್ ಸಾಲುವುದಿಲ್ಲ. ಎಲ್ಲರ ಕೈಯಲ್ಲೂ ಗಾಜಿನ ಭರಣಿ, ಬಟ್ಟೆಯ ಚೀಲ. ಪ್ಲಾಸ್ಟಿಕ್ ಹಿಡಿದು ಬಂದವರು ಬಾಗಿಲಲ್ಲೇ ಮುಖ ಸಣ್ಣ ಮಾಡಿಕೊಂಡು ನಿಲ್ಲುತ್ತಾರೆ.

ಇದೆಲ್ಲ ಯಾರ ಕೈವಾಡ ಎಂದು ನಿನಗೆ ಹೇಳಬೇಕಾಗಿಲ್ಲ. ನಿನ್ನ ಓರ್ನೆಲ್ಲಾ. "ನಿನ್ನ" ಎಂದು ಬರೆದುಬಿಟ್ಟೆ, ಇರಲಿ, ಹೊಡೆದುಹಾಕುವುದಿಲ್ಲ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ, ನಾಲ್ಕು ತಿಂಗಳಲ್ಲಿ ಸುಸ್ತಾಗುತ್ತಾಳೆ ಎಂದು ನಾನು ಕಾದೆ. ಅವಳು ಬಳಗ ಸೇರಿ ಎರಡು ವರ್ಷವಾಯಿತು, ಗೋಣಿ ಇನ್ನೂ ಮೇಲೇ ಇದೆ. ಹಾಲಿನವನ ಹತ್ತಿರ ಅವನ ಹಸುಗಳ ಹೆಸರು ಕೇಳುತ್ತಾಳೆ, ಅವನೋ ಹಲ್ಲು ಕಿಸಿದು ಒಂದೊಂದಾಗಿ ಹೇಳುತ್ತಾನೆ. ನನಗೆ ಅವನು ತನ್ನ ಹೆಸರನ್ನೇ ಸರಿಯಾಗಿ ಹೇಳಿದ್ದಿಲ್ಲ.

ನಮ್ಮ ಅಂಗಡಿಯ ಕಥೆ ಕೇಳು. ಕಾಫಿ, ಕೋಕೋ ಬೆಳೆಯುವ ದೂರದೇಶದ ರೈತರಿಗೆ ನ್ಯಾಯದ ಬೆಲೆ ಸಿಗಬೇಕು ಎಂದು ನಾನು ಅದೇ ಕಪಾಟಿನ ಮುಂದೆ ನಿಂತು ಇಪ್ಪತ್ತು ವರ್ಷ ಗಂಟಲು ಹರಿದುಕೊಂಡೆ. ಬಂದವರು "ನಿಜ, ನಿಜ" ಎಂದು ತಲೆಯಾಡಿಸಿ ಒಂದು ಚಾಕೊಲೇಟ್ ಕೊಂಡು ಹೋಗುತ್ತಿದ್ದರು. ಇವಳು ಒಂದು ದಿನ ಬಾಗಿಲ ಹೊರಗೆ ಒಲೆ ಇಟ್ಟು ಆ ಕಾಫಿಯನ್ನೇ ಕುದಿಸಿದಳು, ಅಷ್ಟೆ. ಪರಿಮಳ ಹಿಡಿದು ಅರ್ಧ ಪೇಟೆ ಒಳಗೆ ಬಂತು. ನಾನು ಅಂದು ಮನೆಗೆ ಬಂದು ಪಾತ್ರೆಗಳನ್ನು ಕುಕ್ಕಿದ ಸದ್ದಿಗೆ ತುಲ್ಲಿಯೊ ಕೇಳಿದ: "ಅಲ್ಲ ಕಣೇ, ಕಾಫಿ ಖರ್ಚಾಗ್ಲಿ ಅಂತ ತಾನೆ ಇಷ್ಟು ವರ್ಷ ಬಡ್ಕೊಂಡಿದ್ದು? ಈಗ ಆಗ್ತಿದೆಯಲ್ಲ, ಇನ್ನೇನು ನಿನ್ನ ಸಂಕಟ?" ಆಗಲಿ ಕಣೇ ದೆಲ್ಫೀನಾ, ಯಾರು ಬೇಡವೆಂದರು? ಆದರೆ ನನ್ನಿಂದ ಆಗಬೇಕಿತ್ತು.

ಆದರೂ ಎಣ್ಣೆ ಒಂದಿತ್ತು. ಬಳಗಕ್ಕೆ ಹಾಲು ತರಿಸುವ ಹೊಣೆ ಒಬ್ಬರದು, ಗೋಧಿಯದು ಇನ್ನೊಬ್ಬರದು, ಎಣ್ಣೆಯದು ನನ್ನದು. ನೋಡದೆ ಕೊಳ್ಳಬಾರದು, ವರ್ಷಕ್ಕೊಮ್ಮೆ ಹೋಗಿ ಆ ನೆಲದಲ್ಲಿ ನಿಂತು ಬರಬೇಕು ಎಂಬ ನಿಯಮ ಮಾಡಿದ್ದು ನಾವಿಬ್ಬರೇ ಅಲ್ಲವೇ? ನೀನು ನಿನ್ನ ಅತ್ತೆಯ ತೋಟ ನೋಡಿಕೊಳ್ಳಲು ದಕ್ಷಿಣಕ್ಕೆ ಹೊರಟಾಗ ನಾನು ಕಣ್ಣೀರು ಹಾಕಿದೆ, ಆಮೇಲೆ ಈ ನಿಯಮ ನೆನಪಾಗಿ ಮೂಗು ಒರೆಸಿಕೊಂಡೆ. ಪ್ರತಿ ನವೆಂಬರಿನಲ್ಲಿ ನಿನ್ನ ಮನೆಗೆ ಬರಲು ನನಗೆ ಬೇರೆ ನೆಪವೇ ಬೇಕಿರಲಿಲ್ಲ. ಹಗಲೆಲ್ಲ ಬಲೆ ಹಾಸಿ ಆಲಿವ್ ಉದುರಿಸುವುದು, ಸಂಜೆ ಕಾಲು ಚಾಚಿ ಊರವರನ್ನೆಲ್ಲ ಆಡಿಕೊಳ್ಳುವುದು. ಈ ವರ್ಷ ಮಂಡಿಯ ಮಹಾರಾಜನನ್ನು ಬಿಟ್ಟು ಬರಲಾಗಲಿಲ್ಲ. "ನಾನು ಹೋಗಿ ಬರ್ತೀನಿ, ನೀವು ಚಿಂತೆ ಮಾಡ್ಬೇಡಿ" ಎಂದಳು ಓರ್ನೆಲ್ಲಾ. ನಾನು ಚಿಂತೆ ಮಾಡುತ್ತಿದ್ದದ್ದೇ ಅದಕ್ಕೆ.

ಬಂದಮೇಲೆ ಅವಳ ಬಾಯಲ್ಲಿ ಬರೀ ನಿನ್ನ ಜಪ. ದೆಲ್ಫೀನಾ ಹೀಗಂದರು, ದೆಲ್ಫೀನಾ ಹಾಡಿದರು. ಹಾಡಿದೆಯಾ? ನನ್ನೆದುರು ನೀನು ಹಾಡಿ ಎಷ್ಟು ಕಾಲವಾಯಿತು! ನಾನು ಮಲಗುತ್ತಿದ್ದ ನೀಲಿ ಕಿಟಕಿಯ ಕೋಣೆಯಲ್ಲೇ ಮಲಗಿದ್ದಳಂತೆ, ಬೆಳಿಗ್ಗೆ ನೀನೇ ಕಾಫಿ ತಂದು ಎಬ್ಬಿಸಿದೆಯಂತೆ. ಹೊಟ್ಟೆಯುರಿ ಎಂದರೆ ಹೊಟ್ಟೆಯೇ ಉರಿಯುತ್ತದೆ ಎಂದು ನನಗೆ ಈ ವಯಸ್ಸಿನಲ್ಲಿ ತಿಳಿಯಿತು.

ನಗಬೇಡ, ಈಗ ಬರೆಯುವುದನ್ನು ನಿನಗಲ್ಲದೆ ಯಾರಿಗೂ ಹೇಳಲಾರೆ. ಹೆದ್ದಾರಿಯ ಪಕ್ಕದ ದೊಡ್ಡ ಸೂಪರ್ ಮಾರ್ಕೆಟ್ಟಿನ ಮುಂದೆ ಓರ್ನೆಲ್ಲಾಳ ಕಾರು ಗುರುವಾರಕ್ಕೊಮ್ಮೆ ನಿಂತಿರುತ್ತದೆ ಎಂದು ಬೇಕರಿಯಲ್ಲಿ ಕಿವಿಗೆ ಬಿತ್ತು. ನನಗೆ ಹಬ್ಬವೇ ಆಯಿತು. ಗುರುವಾರ ತಲೆಗೆ ಸ್ಕಾರ್ಫ್ ಸುತ್ತಿ ಬಸ್ಸು ಹತ್ತಿದೆ. ಒಳಗೆ ಬರಿಗೈಯಲ್ಲಿ ಸುತ್ತಿದರೆ ಅನುಮಾನ ಬರುತ್ತದೆಂದು ಒಂದು ಗಾಡಿ ಹಿಡಿದು, ಕಣ್ಣು ಅವಳನ್ನು ಹುಡುಕುತ್ತಿದ್ದಂತೆ ಕೈಗೆ ಸಿಕ್ಕಿದ್ದನ್ನೆಲ್ಲ ತುಂಬಿದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ.

"ಅಯ್ಯೋ, ಎರ್ಸಿಲಿಯಾ! ನೀವಿಲ್ಲಿ?"

ಹಿಂದೆ ನಿಂತಿದ್ದಳು. ಅವಳ ಬುಟ್ಟಿಯಲ್ಲಿ ಒಂದೇ ಒಂದು ತಗಡಿನ ಬಿಸ್ಕತ್ ಡಬ್ಬ. ನನ್ನ ಗಾಡಿಯಲ್ಲಿ ನೋಡಿದರೆ ಡಿಸೆಂಬರ್ ಚಳಿಯಲ್ಲಿ ಪ್ಲಾಸ್ಟಿಕ್ ಹೊದ್ದ ಸ್ಟ್ರಾಬೆರಿ, ಯಾವ ಖಂಡದಿಂದಲೋ ಬಂದ ಟೊಮ್ಯಾಟೊ, ನೆಲ ತೊಳೆಯುವ ನೀಲಿ ವಿಷ! ಚೆರಿ ಹಣ್ಣಿನ ಕಾಲ ಮುಗಿದ ಮೇಲೆ ಚೆರಿ ಕೇಳಿದವರಿಗೆ ಪಾಠ ಹೇಳುತ್ತಿದ್ದವಳು ನಾನು.

"ನಮ್ಮಪ್ಪನಿಗೆ ಈಗ ಯಾರ ಗುರುತೂ ಹತ್ತಲ್ಲ," ಎಂದಳು ಡಬ್ಬ ತೋರಿಸಿ. "ನನ್ನದೂ ಇಲ್ಲ. ಆದ್ರೆ ಈ ಡಬ್ಬ ಕಂಡ್ರೆ ನಗ್ತಾರೆ. ಬೇರೆ ಬಿಸ್ಕತ್ತು ತಂದ್ರೆ ಮುಟ್ಟಲ್ಲ. ಏನ್ ಮಾಡ್ಲಿ ಹೇಳಿ?" ನನ್ನ ಗಾಡಿಯ ಕಡೆ ಅವಳು ಒಮ್ಮೆಯೂ ಕಣ್ಣು ಹಾಯಿಸಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. ಹೊರಡುವಾಗ ನಕ್ಕಳು: "ದೆಲ್ಫೀನಾ ಹೇಳಿದ್ರು, ಸೂಪರ್ ಮಾರ್ಕೆಟ್ಟಿಗೆ ಹೋಗು, ಪರವಾಗಿಲ್ಲ, ಎರ್ಸಿಲಿಯಾ ಕಣ್ಣಿಗೆ ಮಾತ್ರ ಬೀಳ್ಬೇಡ ಅಂತ. ಇಬ್ರೂ ಎಷ್ಟು ನಕ್ವಿ ಗೊತ್ತಾ!"

ಸಂಜೆ ಕಾಲು ಚಾಚಿ ಆಡಿಕೊಳ್ಳಲು ನಿನಗೆ ಈ ವರ್ಷ ನಾನು ಸಿಕ್ಕೆ ಎಂದಾಯಿತು. ಅವಳು ಬಳಗದಲ್ಲಿ ನನ್ನ ಸ್ಟ್ರಾಬೆರಿಯ ಸುದ್ದಿ ಯಾರಿಗೂ ಹೇಳಿಲ್ಲ. ಹೇಳಿದ್ದರೆ ಅವಳನ್ನು ದ್ವೇಷಿಸಲು ಎಷ್ಟು ಅನುಕೂಲವಾಗುತ್ತಿತ್ತು! ಆ ಹಣ್ಣು ಮನೆಗೆ ತಂದದ್ದಾಯಿತು, ತುಲ್ಲಿಯೊ ಸಕ್ಕರೆ ಉದುರಿಸಿಕೊಂಡು ತಿಂದು "ನೀರಿದ್ದ ಹಾಗಿದೆ, ನಾಳೇನೂ ತಾ" ಎಂದ.

ಸರಿ, ನನ್ನ ಗೋಳು ಸಾಕು. ಭಾನುವಾರ ಹಾಲ್‌ನಲ್ಲಿ ಹೊಸ ಎಣ್ಣೆಯ ಊಟ. ಬೆಳ್ಳುಳ್ಳಿ, ಆಂಚೊವಿ ಮೀನು ನಿನ್ನ ಎಣ್ಣೆಯಲ್ಲಿ ಕರಗುತ್ತವೆ, ಒಂದೇ ಗಡಿಗೆಯ ಸುತ್ತ ಎಲ್ಲರೂ ತರಕಾರಿ ಅದ್ದಿ ತಿನ್ನುತ್ತೇವೆ. ಪ್ರತಿ ವರ್ಷದಂತೆ ನನ್ನ ಡಬ್ಬವನ್ನೇ ಮೊದಲು ತೆರೆಯಬೇಕಂತೆ. ನಿನ್ನ ಮರಗಳಿಗೆ ರೋಗದ ಗಾಳಿ ತಾಗದಿರಲಿ. ನಿನ್ನ ಸೊಂಟ ಏಣಿ ಹತ್ತುವಷ್ಟು ಗಟ್ಟಿಯಾಗಿರಲಿ. ಮನೆಯವರಿಗೆಲ್ಲ ನನ್ನ ಮುತ್ತು, ತುಲ್ಲಿಯೊನದೂ ಸೇರಿಸಿಕೋ.

ಎಂದಿಗೂ ನಿನ್ನ,
ಎರ್ಸಿಲಿಯಾ

ತಾ.ಕ.: ರೋಸ್ಮರಿಯ ಮಾತು ಉಳಿಯಿತು. ನೀನು ಪ್ರತಿ ವರ್ಷ ಒಂದೇ ಒಂದು ಡಬ್ಬದ ಹಿಡಿಗೆ ರೋಸ್ಮರಿ ಕಡ್ಡಿ ಕಟ್ಟಿ ಕಳಿಸುತ್ತೀ, ಅದು ನನ್ನ ಹೆಸರಿನ ಡಬ್ಬ. ಶನಿವಾರ ಲಾರಿಯಿಂದ ಡಬ್ಬಗಳು ಕೈಯಿಂದ ಕೈಗೆ ದಾಟಿ ಬರುವಾಗ ನಾನು ಹೆಸರು ಓದಲಿಲ್ಲ, ಬರೀ ಹಿಡಿಗಳನ್ನೇ ನೋಡಿದೆ. ಕಾಣಲಿಲ್ಲ. ನೀರು ಕುಡಿಯುವ ನೆಪ ಮಾಡಿ ಹಾಲ್‌ನ ಅಡುಗೆಮನೆಗೆ ಹೋದೆ. ಅಲ್ಲಿಯ ಕಿಟಕಿಯಿಂದ ಅಂಗಳ ಕಾಣುತ್ತದೆ. ಓರ್ನೆಲ್ಲಾ ಗೋಡೆಯ ಕಡೆ ತಿರುಗಿ ಕುಕ್ಕರುಗಾಲಲ್ಲಿ ಕೂತು ತನ್ನ ಹೆಸರಿನ ಡಬ್ಬದಿಂದ ರೋಸ್ಮರಿ ಬಿಚ್ಚಿ ನನ್ನ ಡಬ್ಬಕ್ಕೆ ಕಟ್ಟುತ್ತಿದ್ದಳು. ನಾನು ಹೊರಗೆ ಬಂದಾಗ, "ನೋಡಿ, ಈ ವರ್ಷಾನೂ ನಿಮ್ದಕ್ಕೇ ಬಂದಿದೆ!" ಎಂದಳು. "ಬರದೆ ಇನ್ನೇನು," ಎಂದೆ. ನೀನು ಕಟ್ಟುವುದು ನಿನ್ನಮ್ಮ ದ್ರಾಕ್ಷಿ ಬಳ್ಳಿಗೆ ಹಾಕುತ್ತಿದ್ದ ಗಂಟು, ಎಳೆದಷ್ಟೂ ಬಿಗಿಯುತ್ತದೆ. ಇದು ಷೂ ಲೇಸಿನ ಗಂಟು. ಡಬ್ಬ ಈಗ ನಮ್ಮನೆಯ ಅಡುಗೆಮನೆ ಮೂಲೆಯಲ್ಲಿದೆ, ಬಿಚ್ಚಲು ಕೈ ಬರುತ್ತಿಲ್ಲ. ಮುಂದಿನ ವರ್ಷ ಕಟ್ಟುವುದಾದರೆ ಎರಡಕ್ಕೂ ಕಟ್ಟು ದೆಲ್ಫೀನಾ, ಇಲ್ಲವೇ ಯಾವುದಕ್ಕೂ ಕಟ್ಟಬೇಡ. ನಿನ್ನ ಪ್ರೀತಿಯನ್ನು ಅವಳು ನನಗೆ ಕಟ್ಟಿಕೊಡುವ ಹಾಗೆ ಮಾತ್ರ ಮಾಡಬೇಡ.