ಗಿಣಿ ರೊಟ್ಟಿ ಕೇಳಿದಾಗ

ಸಿರಿಗೇರಿ
ಸೋಮವಾರ

ತಮ್ಮ ಭೀಮರಾಜಗ,

ಗಿಣಿ ಕೌಲ್ ಬಜಾರಿನ ನಿಮ್ಮ ಮನಿಗೆ ಬಂದಾಗಿಂದ ಏನೂ ತಿನ್ನವಲ್ದು ಅಂತ ಫೋನ್ ಮಾಡಿದ್ದಿ. ಮೆಣಸಿನಕಾಯಿ, ಪೇರಲಹಣ್ಣು ಅಂತ ಬದಲಿಸಿ ಬದಲಿಸಿ ಇಡಬ್ಯಾಡ. ಮಧ್ಯಾಹ್ನ ಅದು ನಿಮ್ಮ ಭಾವನ ದನಿಯಾಗ "ಸುಂಕಿ, ರೊಟ್ಟಿ ತಾ" ಅಂತೈತಿ. ಆಗ "ಬಂದೆ, ತಡೀರಿ" ಅನ್ನಬೇಕು. ಅನ್ನದಿದ್ರ ಬಾಯಿ ತೆರೆಯಂಗಿಲ್ಲ. ಅವರು ತೀರಿಕೊಂಡ ಮ್ಯಾಲೂ ಒಂದು ತಿಂಗಳು ನಾನು ಹಂಗ ಅಂದು ತಿನಿಸಿದೆ. ಆಮ್ಯಾಲೆ ಆಗಲಿಲ್ಲ. ಬೆಕ್ಕಿನ ಕಾಟ ಅಂತ ಹೇಳಿ ನಿನ್ನ ಕಡಿ ಕಳಿಸಿದೆ. ಇಲ್ಲಿ ಬೆಕ್ಕೇ ಇಲ್ಲ.

ನಿನ್ನ ಹೆಂಡತಿ ಗೌತಮಿಗೆ ಉತ್ತರ ಕೊಡಾಕ ಹೇಳು. ಹೆಣ್ಣುದನಿ ಆದ್ರ ಒಪ್ಪಬಹುದು. ಒಪ್ಪದಿದ್ರ, ಮಧ್ಯಾಹ್ನ ಒಂದು ಗಂಟೆಗೆ ನನಗ ಫೋನ್ ಹಚ್ಚಿ ಪಂಜರದ ಹತ್ತಿರ ಹಿಡಿ. ನೀವು ಯಾರೂ ಮಾತಾಡಬ್ಯಾಡ್ರಿ. ನಾನೇ ಅಂತೀನಿ.

ನಿನ್ನ ಅಕ್ಕ,
ಸುಂಕಲಮ್ಮ